ಇನ್ನೊಬ್ಬರ ಚಳಿ

ನಮ್ಮ ಮನೆಯಲ್ಲಿ ಈಗ ಏಕಕಾಲಕ್ಕೆ ಎರಡು ಋತುಗಳು ನಡೆದಿರುತ್ತವೆ. ಒಂದು, ಬೆಟಗೇರಿಯ ಎಲ್ಲ ಮನೆಗಳಿಗೂ ಬರುವ ಋತು. ಇನ್ನೊಂದು, ಎರಡಡಿ ಉದ್ದದ ಗಾಜಿನ ಪೆಟ್ಟಿಗೆಯೊಳಗಿನ ಋತು. ಹೊರಗೆ ಸೋನೆ ಹಿಡಿದ ಶ್ರಾವಣವಿರಲಿ, ಮೈ ನಡುಗಿಸುವ ಮಾಗಿಯಿರಲಿ, ಆ ಪೆಟ್ಟಿಗೆಯ ನೀರು ಮಾತ್ರ ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿರಬೇಕು. ಹಾಗೆ ನಿಲ್ಲಿಸುವ ಹೊಣೆ ನನ್ನದು. ಈವರೆಗೆ ನಾನು ಬಂದ ಮಳೆಗೆ ಕೊಡೆ ಹಿಡಿದು, ಬಂದ ಬಿಸಿಲಿಗೆ ಟೊಪ್ಪಿಗೆ ಹಾಕಿ ನಡೆದವನೇ ಹೊರತು ಯಾವ ಋತುವನ್ನೂ ತಡೆದು ನಿಲ್ಲಿಸಿದವನಲ್ಲ. ಸಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಈ ಹೊಸ ನೌಕರಿ ಬಂದಿದೆ.

ಪೆಟ್ಟಿಗೆ ನನ್ನದಲ್ಲ, ಮೊಮ್ಮಗನದು. ಹುಬ್ಬಳ್ಳಿಯಲ್ಲಿದ್ದ ಮಗನಿಗೆ ದೂರದ ಊರಿಗೆ ವರ್ಗವಾಯಿತು. ಮಂಚ, ಕಪಾಟು, ಪಾತ್ರೆ-ಪಡಗಗಳೆಲ್ಲ ಲಾರಿ ಏರಿದವು. ಮೀನುಗಳಿಗೆ ಮಾತ್ರ ಅಷ್ಟು ದೂರದ ಪ್ರಯಾಣ ಆಗದೆಂದು ಅವು ಬೆಟಗೇರಿಗೆ ಬಂದವು. ಎಂಟು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ. ಒಟ್ಟು ಹನ್ನೆರಡು ಜೀವ. ಹುಡುಗ ಹೋಗುವಾಗ ಕಣ್ಣಲ್ಲಿ ನೀರು ತಂದುಕೊಂಡು, "ಅಜ್ಜಾ, ನೀರು ತಣ್ಣಗ ಆಗಬಾರ್ದು ನೋಡು," ಎಂದು ಹೇಳಿ ಹೋದ. ನಾನು "ಆಗೂದಿಲ್ಲ" ಎಂದೆ. ಎಷ್ಟು ದೊಡ್ಡ ಮಾತನ್ನು ಎಷ್ಟು ಸುಲಭವಾಗಿ ಕೊಟ್ಟೆನೆಂಬುದು ಆಗ ನನಗೆ ತಿಳಿದಿರಲಿಲ್ಲ.

ಪೆಟ್ಟಿಗೆಯನ್ನು ಇಟ್ಟದ್ದು ಮಗ್ಗದ ಕೋಣೆಯಲ್ಲಿ. ಬೆಟಗೇರಿ ನೇಕಾರರ ಊರು. ನಮ್ಮದೂ ಒಂದು ಕಾಲಕ್ಕೆ ನೇಯುವ ಮನೆ. ತಂದೆಯವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದರು. ಪಕ್ಕದಲ್ಲಿ ಅವ್ವ ಕಂಡಿಕೆ ಸುತ್ತುತ್ತಿದ್ದಳು. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಕಲ್ಲಿನ ನೆಲ, ಬೆಳಕಿಗೊಂದು ಬೆಳಕಿಂಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಊರೆಲ್ಲ ಕಾದ ಹೆಂಚಾಗಿದ್ದಾಗಲೂ ಆ ಕೋಣೆಯೊಳಗೆ ಹೆಜ್ಜೆಯಿಟ್ಟರೆ ಮೈ ತಂಪಾಗುತ್ತಿತ್ತು. ಆ ತಂಪು ಬರಿಯ ಸುಖಕ್ಕಾಗಿ ಇದ್ದದ್ದಲ್ಲ. ಹತ್ತಿಯ ನೂಲು ಒಣಗಾಳಿಗೆ ಬಿರುಸಾಗಿ ಪಟಪಟನೆ ಹರಿಯುತ್ತದೆ. ನೆಲದ ತೇವ ಹೀರಿದರೆ ಹಾಸು ಮೆತ್ತಗಾಗಿ ತಾಳುತ್ತದೆ. ಮಗ್ಗವನ್ನು ನೆಲದ ಮಟ್ಟಕ್ಕೆ ಇಳಿಸಿ ಹೂಡುವುದರಲ್ಲಿ ಈ ಗುಣವೂ ಇತ್ತು. ನೂಲಿಗೆ ಹದವಾದ ಕೋಣೆ ಅದು.

"ಹದ" ಎಂಬ ಮಾತನ್ನು ನಾವು ಎಷ್ಟೊಂದು ಕಡೆಗೆ ಬಳಸುತ್ತೇವೆ! ನೆಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ನೂಲಿಗೆ ಹಚ್ಚುವ ಗಂಜಿಗೆ ಹದ. ಆದರೆ ಬರಿಯ ಹದವೆಂಬುದು ಎಲ್ಲಿಯೂ ಇಲ್ಲ; ಯಾವುದಕ್ಕೆ ಹದ ಎಂದು ಕೇಳಲೇಬೇಕು. ಯಾವ ತಂಪು ತಂದೆಯವರ ಹಾಸನ್ನು ಕಾಯ್ದಿತೋ ಅದೇ ತಂಪು ಈ ಹನ್ನೆರಡು ಜೀವಗಳಿಗೆ ಕುತ್ತಾಗಬಹುದಾಗಿತ್ತು. ನಮ್ಮ ಕಡೆಗೆ ಡಿಸೆಂಬರ್-ಜನವರಿಯ ಹಗಲು ಹಿತವಾಗಿಯೇ ಇರುತ್ತದೆ. ರಾತ್ರಿ ಮಾತ್ರ ೧೫-೧೬ ಡಿಗ್ರಿಗೆ ಇಳಿಯುವುದು ಅಪರೂಪವಲ್ಲ. ನಮಗೆ ಅದು ಒಂದು ಕೌದಿಯ ಚಳಿ. ಮೀನಿಗೆ ಹಾಗಲ್ಲ.

ಏಕೆ ಹಾಗಲ್ಲವೆಂಬುದನ್ನು ನಾನು ಮುಪ್ಪಿನಲ್ಲಿ ಹೊಸದಾಗಿ ಕಲಿತೆ. ನಮ್ಮ ಮೈಯೊಳಗೊಂದು ಒಲೆಯಿದೆ. ಹೊರಗೆ ಹಿಮ ಬೀಳಲಿ, ಬೆಂಕಿ ಸುರಿಯಲಿ, ಆ ಒಲೆ ಒಳಗನ್ನು ೩೭ ಡಿಗ್ರಿಯ ಸುತ್ತಮುತ್ತ ಕಾಯ್ದುಕೊಂಡಿರುತ್ತದೆ. ಮೀನಿನ ಮೈಯಲ್ಲಿ ಅಂಥ ಒಲೆಯಿಲ್ಲ. ನೀರು ಎಷ್ಟು ಬೆಚ್ಚಗೋ ಅದರ ರಕ್ತವೂ ಅಷ್ಟೇ ಬೆಚ್ಚಗೆ. ನೀರು ತಣಿದರೆ ಅದಕ್ಕೆ ಚಳಿಯಾಗುತ್ತದೆ ಎನ್ನುವುದಕ್ಕಿಂತ ಅದು ತಾನೇ ಚಳಿಯಾಗುತ್ತದೆ ಎನ್ನಬೇಕು. ಹತ್ತು ಡಿಗ್ರಿ ಇಳಿದರೆ ದೇಹದ ವ್ಯಾಪಾರಗಳೆಲ್ಲ ಸುಮಾರಾಗಿ ಅರ್ಧಕ್ಕಿಳಿಯುತ್ತವೆ. ಉಂಡದ್ದು ಅರಗದು, ರೋಗ ತಡೆಯುವ ಶಕ್ತಿ ಕುಂದುತ್ತದೆ. ಅಂಥ ಹೊತ್ತಿಗಾಗಿಯೇ ಕಾಯುತ್ತಿದ್ದಂತೆ ಮೈಮೇಲೆ ರವೆಯ ಕಾಳಿನಂಥ ಬಿಳಿಯ ಚುಕ್ಕೆಗಳ ರೋಗ ಏಳುತ್ತದೆ. ನಿಯಾನ್ ಟೆಟ್ರಾದ ಮೂಲಸ್ಥಾನ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲುಭಾಗದ ಹಳ್ಳಗಳು. ನಮ್ಮವು ಆ ನದಿಯನ್ನು ಕಂಡವಲ್ಲ. ಇಂದು ಪೇಟೆಗೆ ಬರುವ ಈ ಜಾತಿಯ ಮೀನುಗಳಲ್ಲಿ ಬಹುಪಾಲು ತೊಟ್ಟಿಯಲ್ಲಿ ಹುಟ್ಟಿ ತೊಟ್ಟಿಯಲ್ಲಿ ಬೆಳೆದವು. ಆದರೂ ತಾವು ಕಾಣದ ಆ ನೀರಿನ ಬಿಸುಪನ್ನು ಅವುಗಳ ಮೈ ಮರೆತಿಲ್ಲ.

ಆದ್ದರಿಂದ ಪೆಟ್ಟಿಗೆಯ ಮೂಲೆಯಲ್ಲಿ ಗಾಜಿನ ಕೊಳವೆಯ ಹೀಟರು ಇದೆ. ನೀರು ತಣಿದರೆ ತಾನೇ ಹೊತ್ತಿಕೊಂಡು, ಬೇಕಾದಷ್ಟು ಬೆಚ್ಚಗಾದೊಡನೆ ತಾನೇ ಆರುತ್ತದೆ. ಲೀಟರಿಗೆ ಒಂದು ವ್ಯಾಟ್ ಎಂಬುದು ರೂಢಿಯ ಲೆಕ್ಕ. ನಮ್ಮ ೬೦ ಲೀಟರಿಗೆ, ಕೋಣೆಯ ತಂಪು ನೋಡಿ, ೧೦೦ ವ್ಯಾಟಿನದನ್ನು ಮಗ ಇಟ್ಟಿದ್ದ. ಅದು ಅಷ್ಟು ನೀರನ್ನು ಒಂದು ಡಿಗ್ರಿ ಏರಿಸಲು, ಸೋರಿ ಹೋಗುವ ಶಾಖವನ್ನು ಬಿಟ್ಟರೂ, ಮುಕ್ಕಾಲು ತಾಸಿನಷ್ಟು ಹೊತ್ತು ಬೇಕು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಇದೊಂದು ನಮ್ಮ ಪಾಲಿನ ಪುಣ್ಯ. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದದ್ದು ೧೮೫೩ರಲ್ಲಿ. ವಿದ್ಯುತ್ತಿನ ಹೀಟರು ಬರುವ ಮೊದಲು, ಉಷ್ಣದೇಶದ ಮೀನು ಸಾಕುವವರು ತೊಟ್ಟಿಯ ತಳಕ್ಕೆ ಕಲ್ಲಿನ ಹಲಗೆ ಕೂಡಿಸಿ, ಅದರ ಕೆಳಗೆ ದೀಪ ಹಚ್ಚಿಡುವುದಿತ್ತು. ದೀಪವೆಂದಮೇಲೆ ಯಾರಾದರೂ ನಡುರಾತ್ರಿಯಲ್ಲಿ ಎದ್ದು ನೋಡಲೇಬೇಕು. ನಾವು ಆ ಎಚ್ಚರವನ್ನು ಯಂತ್ರಕ್ಕೆ ವಹಿಸಿ ನಿದ್ದೆ ಹೋಗಿದ್ದೇವೆ.

ನನ್ನ ಮೊದಲನೆಯ ತಪ್ಪು ಅತಿ ಪ್ರೀತಿಯದು. ಒಂದು ಸಂಜೆ ನನಗೆ ಬಹಳ ಚಳಿಯೆನಿಸಿತು. ಸ್ವೆಟರು ಹಾಕಿಕೊಂಡೆ. ಹಾಗೆಯೇ ಮೀನುಗಳ ನೆನಪಾಗಿ ಮರುಕವುಂಟಾಯಿತು. ನೀರಿನಲ್ಲಿ ಕೈಯಿಟ್ಟು ನೋಡಿದೆ, ತಣ್ಣಗಿದ್ದಂತೆ ಕಂಡಿತು. ಹೀಟರಿನ ತಿರುಪನ್ನು ೩೦ಕ್ಕೆ ತಿರುವಿ, ಉಪಕಾರ ಮಾಡಿದ ತೃಪ್ತಿಯಿಂದ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹನ್ನೆರಡೂ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುತ್ತಿವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ ನಿಲ್ಲುತ್ತದೆ. ೨೦ ಡಿಗ್ರಿಯ ನೀರು ಲೀಟರಿಗೆ ೯ ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ೩೦ ಡಿಗ್ರಿಯ ನೀರು ಏಳೂವರೆಯಷ್ಟು ಮಾತ್ರ ಹಿಡಿಯುತ್ತದೆ. ಅತ್ತ ಮೈ ಬಿಸಿಯಾದ ಮೀನಿಗೆ ಬೇಕಾಗುವುದು ಮೊದಲಿಗಿಂತ ಹೆಚ್ಚು. ನನ್ನ ಮರುಕ ಅವುಗಳ ಉಸಿರನ್ನೇ ಕಟ್ಟಿತ್ತು.

ಆ ಸಂಜೆ ಪೆಟ್ಟಿಗೆಯ ಗಾಜಿಗೆ ಅಂಟಿಸಿದ ಥರ್ಮಾಮೀಟರು ೨೫ ಎಂದೇ ತೋರಿಸುತ್ತಿತ್ತು. ನಾನು ಅದನ್ನು ನೋಡಿರಲಿಲ್ಲ. ನನ್ನ ಕೈಯನ್ನು ನಂಬಿದ್ದೆ. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ೧೬೯೦ರ ತನ್ನ ಗ್ರಂಥದಲ್ಲಿ, ಒಂದೇ ನೀರು ಒಬ್ಬನ ಒಂದು ಕೈಗೆ ತಣ್ಣಗೆ, ಇನ್ನೊಂದು ಕೈಗೆ ಬೆಚ್ಚಗೆ ತೋರಬಹುದೆಂಬ ಮಾತನ್ನು ಎತ್ತಿದ್ದಾನೆ. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಗುಣ ಪಡೆದವನು ನಾನು. ಬೇಕಿದ್ದರೆ ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು: ಒಂದು ಕೈ ಬಿಸಿನೀರಿನಲ್ಲಿ, ಒಂದು ಕೈ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಬೇಕು. ಒಬ್ಬನ ಎರಡು ಕೈಗಳೇ ಒಪ್ಪದಿದ್ದಲ್ಲಿ, ನನ್ನ ಚರ್ಮವು ಇನ್ನೊಂದು ಜೀವದ ಚಳಿಯನ್ನು ಹೇಗೆ ಹೇಳೀತು? ನಮ್ಮ ಎಷ್ಟೋ ದಯೆಗಳು ಹೀಗೆಯೇ ಇರುತ್ತವೆ. ನಮಗೆ ಹಸಿವಾದಾಗ ಮಕ್ಕಳ ಬಾಯಿಗೆ ತುರುಕುತ್ತೇವೆ. ನಮಗೆ ಬೇಸರವಾದಾಗ ನೆಂಟರನ್ನು ಮಾತಿಗೆ ಎಳೆಯುತ್ತೇವೆ. ದಯೆ ತೋರುವ ಮೊದಲು ಅಳೆಯಬೇಕೆಂಬ ಮಾತು ಕೇಳುವುದಕ್ಕೆ ಒಣಮಾತು. ಆದರೆ ಆ ದಿನದಿಂದ ನನಗೆ ಅಳತೆ ಮಾಡದ ಪ್ರೀತಿಯ ಮೇಲೆ ವಿಶ್ವಾಸ ಕಡಿಮೆಯಾಗಿದೆ.

ಇಷ್ಟು ರಗಳೆ ಏಕೆ, ಮೀನಿನ ಹಣೆಬರಹ ಮೀನಿಗೆ ಎಂದು ಬಿಡಬಾರದೇ ಎಂದು ಗೆಳೆಯರೊಬ್ಬರು ಕೇಳಿದರು. ತುಂಗಭದ್ರೆಯ ಮೀನಿಗೆ ಚಳಿಯಾದರೆ ಯಾರು ಹೊಣೆ? ಯಾರೂ ಅಲ್ಲ. ಹಾಗಾದರೆ ನನ್ನ ಪೆಟ್ಟಿಗೆಯ ಮೀನಿಗೆ ನಾನೇಕೆ ಹೊಣೆ? ನನಗೆ ಇದರ ಉತ್ತರ ಹೊಳೆದದ್ದು ಮಾಗಡಿಯ ಕೆರೆಯ ದಂಡೆಯಲ್ಲಿ. ಶಿರಹಟ್ಟಿ ತಾಲೂಕಿನ ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುವುದು ನಮ್ಮ ಭಾಗದವರಿಗೆಲ್ಲ ಗೊತ್ತು. ೨೦೨೪ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಮಂಗೋಲಿಯ, ಟಿಬೆಟ್ಟುಗಳ ಕಡೆಗೆ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳವು. ನಮಗೆ ಕೌದಿ ಬೇಕೆನಿಸುವ ಗಾಳಿಯಲ್ಲಿ ಅವು ಸುಖವಾಗಿ ತೇಲುತ್ತಿರುತ್ತವೆ. ಮಾರ್ಚಿಯ ಬಿಸಿಲು ಚುರುಕಾದರೆ ಎದ್ದು ಹೋಗುತ್ತವೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ತಮ್ಮ ಹದವನ್ನು ತಾವೇ ಹುಡುಕಿಕೊಳ್ಳುತ್ತವೆ. ಹೊಳೆಯ ಮೀನೂ ತನ್ನ ಅಳತೆಯಲ್ಲಿ ಇದನ್ನೇ ಮಾಡುತ್ತದೆ: ಬಿಸಿಲು ಬಿದ್ದ ದಂಡೆಗೆ ಬರುತ್ತದೆ, ಇಲ್ಲವೆ ಮಡುವಿಗೆ ಇಳಿಯುತ್ತದೆ. ಪೆಟ್ಟಿಗೆಯ ಮೀನಿಗೆ ಹೋಗಲು ಎರಡಡಿ ಜಾಗವಿದೆ. ಆ ಎರಡಡಿಯಲ್ಲಿ ಎಲ್ಲಿ ಹೋದರೂ ಅದೇ ನೀರು. ಅದರಿಂದ ನಾವು ಕಸಿದುಕೊಂಡದ್ದು ನದಿಯನ್ನಲ್ಲ, ಎದ್ದುಹೋಗುವ ಹಾದಿಯನ್ನು. ಯಾರ ಹಾದಿಯನ್ನು ಮುಚ್ಚಿದ್ದೇವೆಯೋ ಅವರ ಹವೆಗೆ ನಾವೇ ಹೊಣೆ. ಅಲ್ಲಿ ಚಳಿಯಾದರೆ ಅದು ಋತುವಿನ ತಪ್ಪಲ್ಲ, ನನ್ನ ತಪ್ಪು.

ನಮ್ಮ ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳ ಸೀಮೆಯನ್ನೆಲ್ಲ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಯಾವ ಯಾವ ಜಾತಿಯ ಮೀನು, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗೆ ಹಾಕಬೇಕು ಎಂಬುದೆಲ್ಲ ಅಲ್ಲಿ ಬಂದಿದೆ. ಅರಸನು ಮೀನಿಗೆ ಉಣ್ಣಿಸುತ್ತಿದ್ದದ್ದು ಕೊನೆಗೆ ಹಿಡಿಯುವ ಆಟಕ್ಕಾಗಿ. ಅದರಲ್ಲಿ ಮುಚ್ಚುಮರೆಯಿಲ್ಲ. ನಾವು ಗಾಳ ಹಾಕುವುದಿಲ್ಲ, ಪ್ರೀತಿಯಿಂದ ಸಾಕುತ್ತೇವೆ ಎನ್ನುತ್ತೇವೆ. ಆದರೆ 'ಮಮತೆ' ಎಂಬ ಶಬ್ದವನ್ನು ಬಿಡಿಸಿದರೆ 'ನನ್ನದು ಎಂಬ ಭಾವ' ಎಂದೇ ಅರ್ಥ ಬರುತ್ತದೆ. ನೋಡಿ ಸಂತೋಷಪಡುವುದೂ ಒಂದು ವಿನೋದವೇ ಆದಮೇಲೆ, ಆ ವಿನೋದದ ಖರ್ಚನ್ನು ಕೊಡುವವರು ಯಾರು ಎಂದು ಕೇಳಿಕೊಳ್ಳಬೇಕು. ನಾನು ಕೊಡುತ್ತಿದ್ದೇನೆ ಎಂದು ತಿಳಿದಿದ್ದೆ. ೧೦೦ ವ್ಯಾಟಿನ ಹೀಟರು ಹತ್ತು ತಾಸು ಉರಿದರೆ ಒಂದು ಯೂನಿಟ್ಟು. ಆ ಬಿಲ್ಲನ್ನು ನನ್ನ ಪಿಂಚಣಿಯಿಂದ ತುಂಬುತ್ತಿದ್ದೆನಲ್ಲ!

ಜನವರಿಯ ಒಂದು ರಾತ್ರಿ ಹತ್ತರ ಸುಮಾರಿಗೆ ಕರೆಂಟು ಹೋಯಿತು. ಬರುತ್ತದೆಂದು ಹನ್ನೊಂದರವರೆಗೆ ಕಾಯ್ದೆ. ನಿದ್ದೆ ಬಂದಿತು, ಮಲಗಿದೆ. ಬೆಳಿಗ್ಗೆ ಆರಕ್ಕೆ ಎಚ್ಚರವಾದಾಗಲೂ ದೀಪವಿರಲಿಲ್ಲ. ಎದೆ ಧಸ್ಸೆಂದಿತು. ಬ್ಯಾಟರಿ ಹಿಡಿದು ಮಗ್ಗದ ಕೋಣೆಗೆ ಓಡಿದೆ.

ಅವ್ವ ಮಲಗುವುದು ಆ ಕೋಣೆಯಲ್ಲಿಯೇ. ಎಂಬತ್ಮೂರರ ವಯಸ್ಸು. ಒಳಗಿನ ಬೆಚ್ಚಗಿನ ಕೋಣೆಗೆ ಬಾ ಎಂದರೆ ಬರುವುದಿಲ್ಲ. ಮಗ್ಗ ಹೋಗಿ ಎಷ್ಟೋ ವರ್ಷಗಳಾದರೂ, ಕಂಡಿಕೆ ಸುತ್ತುತ್ತ ಆಯುಷ್ಯ ಕಳೆದ ಜಾಗವನ್ನು ಬಿಡಲೊಲ್ಲಳು. ಬ್ಯಾಟರಿಯ ಬೆಳಕು ಬಿದ್ದಾಗ ಕಂಡದ್ದು ಇದು: ಗಾಜಿನ ಪೆಟ್ಟಿಗೆಯ ಸುತ್ತ ಅವ್ವನ ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಆಕೆಯೇ ಹೊಲಿದ ದಪ್ಪ ಕೌದಿ ಅದು. ಅದನ್ನು ಸುತ್ತಿ, ಸೆರಗು ಕಟ್ಟಿದಂತೆ ಗಂಟು ಹಾಕಿದ್ದಳು. ಒಂದು ತುದಿ ನೀರಿನಲ್ಲಿ ತೊಯ್ದಿತ್ತು. ಅವ್ವ ಹಾಸಿಗೆಯ ಮೇಲೆ ಒಂದು ತೆಳ್ಳನೆಯ ಶಾಲು ಹೊದ್ದು, ಮೊಣಕಾಲು ಎದೆಗೆ ಹಚ್ಚಿ ಕುಳಿತಿದ್ದಳು. ಅಂಗಾಲು ಮುಟ್ಟಿದೆ, ಕಲ್ಲಿನ ನೆಲದಷ್ಟೇ ತಣ್ಣಗಿತ್ತು.

"ಇದೇನವ್ವಾ?" ಎಂದೆ.

"ಹುಡುಗ ಹೇಳಿ ಹೋಗ್ಯಾನಲ್ಲೊ ತಮ್ಮಾ, ನೀರು ತಣ್ಣಗ ಆಗಬಾರ್ದಂತ. ಅವು ಬಾಯಿಲ್ಲದ ಜೀವ."

"ನನ್ನ ಎಬ್ಬಸಬಾರ್ದಿತ್ತ? ನಿನಗ ಚಳಿ ಆಗಲಿಲ್ಲೇನು?"

"ನನಗ ಬಾಯಿ ಐತಿ. ಚಳಿ ಆಗಿದ್ರ ಹೇಳ್ತಿದ್ದೆ," ಎಂದಳು.

ಪೆಟ್ಟಿಗೆಯ ನೀರು ೨೨ ಡಿಗ್ರಿ ಇತ್ತು. ಕೌದಿ ಇಲ್ಲದಿದ್ದರೆ ಇನ್ನೂ ಇಳಿದಿರುತ್ತಿತ್ತು. ಆದರೂ ಮುಂದಿನ ವಾರ ಟೆಟ್ರಾಗಳ ಮೈಮೇಲೆ ಬಿಳಿಯ ಚುಕ್ಕೆ ಎದ್ದವು. ಎಂಟರಲ್ಲಿ ಮೂರು ಸತ್ತವು. ಅವ್ವನಿಗೆ ಕೆಮ್ಮು ಹಿಡಿದು ಹದಿನೈದು ದಿನ ಬಿಡಲಿಲ್ಲ. ತೊಯ್ದ ಕೌದಿ ಮಾಳಿಗೆಯ ಮೇಲೆ ಎರಡು ದಿನ ಒಣಗಿತು.

ಆ ಎರಡು ದಿನ ನಾನು ನನ್ನೊಳಗೆ ವಾದ ಮಾಡುತ್ತ ಕುಳಿತೆ. ಮನುಷ್ಯರೇ ಚಳಿಯಲ್ಲಿರುವಾಗ ಮೀನಿನ ಚಿಂತೆ ಏಕೆ ಎಂಬ ಗೆಳೆಯರ ಮಾತನ್ನು ನಾನು ಮೊದಲು ತಳ್ಳಿಹಾಕಿದ್ದೆ. ದಯೆ ಎಂಬುದು ಹುಂಡಿಯ ದುಡ್ಡಲ್ಲ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಒಂದು ಜೀವಕ್ಕೆ ಮಿಡಿದ ಮನಸ್ಸು ಇನ್ನೊಂದಕ್ಕೂ ಮಿಡಿಯಲು ಕಲಿಯುತ್ತದೆ ಎಂದು ಹೇಳುತ್ತಿದ್ದೆ. ಮಾತು ಸುಳ್ಳಲ್ಲ. ಆದರೆ ದಯೆಗೆ ಲೆಕ್ಕವಿಲ್ಲದಿದ್ದರೂ ಕೌದಿಗೆ ಲೆಕ್ಕವಿದೆ. ಆ ರಾತ್ರಿ ಕೋಣೆಯಲ್ಲಿದ್ದದ್ದು ಒಂದೇ ಕೌದಿ. ಅದು ಒಬ್ಬರ ಮೇಲಿನಿಂದ ಎದ್ದ ಹೊರತು ಇನ್ನೊಬ್ಬರ ಮೇಲೆ ಬೀಳುವಂತಿರಲಿಲ್ಲ. ಮಾತು ಕೊಟ್ಟವನು ನಾನು. ಮಾತು ನಡೆಸಿದವಳು ಅವ್ವ. ಜಗತ್ತಿನಲ್ಲಿ ಎಷ್ಟೋ ಮನೆಗಳ ಔದಾರ್ಯ ಹೀಗೆಯೇ ನಡೆದಿರಬೇಕು. ಯಜಮಾನ ಅತಿಥಿಯನ್ನು ಕರೆಯುತ್ತಾನೆ, ಹೆಸರು ಅವನಿಗೆ. ಅಡಿಗೆಮನೆಯಲ್ಲಿ ಒಬ್ಬಳು ತನ್ನ ಪಾಲಿನ ರೊಟ್ಟಿಯನ್ನು ಬಡಿಸಿ ನೀರು ಕುಡಿದು ಮಲಗುತ್ತಾಳೆ. ನಾನು ಮೀನು ಸಾಕಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಅದರ ವೆಚ್ಚ ಯಾರ ಮೈಮೇಲೆ ಬೀಳುತ್ತದೆಂದು ನೋಡದೆ ಇದ್ದದ್ದು ತಪ್ಪು.

ಇನ್ನೊಂದು ಮಾತು. "ನನಗ ಬಾಯಿ ಐತಿ" ಎಂದಳು ಅವ್ವ. ಬಾಯಿಯಿದ್ದವರು ಹೇಳುತ್ತಾರೆ, ಬಾಯಿಯಿಲ್ಲದವರನ್ನು ನಾವು ನೋಡಿಕೊಳ್ಳಬೇಕು ಎಂಬುದೇ ನನ್ನ ತತ್ತ್ವವೂ ಆಗಿತ್ತು. ಆದರೆ ಡಾಕ್ಟರರು ಹೇಳಿದರು, ವಯಸ್ಸಾದಂತೆ ಚಳಿಯನ್ನು ತಿಳಿಯುವ ಶಕ್ತಿಯೇ ಕುಂದುತ್ತದಂತೆ. ಮೈ ತಣಿಯುತ್ತಿದ್ದರೂ ಎಷ್ಟೋ ಸಲ ಅವರಿಗೆ ಗೊತ್ತಾಗುವುದಿಲ್ಲ. ಒಳಗಿನ ಒಲೆಯೂ ಮೊದಲಿನಂತೆ ಉರಿಯುವುದಿಲ್ಲ. ಅಂದಮೇಲೆ ಅವ್ವ ಸುಳ್ಳು ಹೇಳಿರಲಿಕ್ಕಿಲ್ಲ. ಅವಳ ಬಾಯಿಗೆ ಸುದ್ದಿ ಮುಟ್ಟಿಸಬೇಕಾದ ಚರ್ಮವೇ ಮೌನವಾಗಿತ್ತು. ಜೊತೆಗೆ, ಆಯುಷ್ಯವೆಲ್ಲ ಕೇಳದೆಯೇ ಇದ್ದವರಿಗೆ ಮುಪ್ಪಿನಲ್ಲಿ ಕೇಳುವ ರೂಢಿ ಎಲ್ಲಿಂದ ಬರಬೇಕು? ಮೀನಿನ ನೀರಿಗೆ ದಿನಕ್ಕೆ ನಾಲ್ಕು ಸಲ ಥರ್ಮಾಮೀಟರು ನೋಡುತ್ತಿದ್ದವನು, ಆರು ಅಡಿ ಆಚೆಗೆ ಮಲಗಿದ ಜೀವಕ್ಕೆ ಎಷ್ಟು ಹೊದಿಕೆಯಿದೆಯೆಂದು ಆ ಚಳಿಗಾಲದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮೊಮ್ಮಗ ಪ್ರತಿ ಸಂಜೆ ಫೋನು ಮಾಡಿ ನೀರು ಎಷ್ಟು ಡಿಗ್ರಿ ಎಂದು ಕೇಳುತ್ತಿದ್ದ. ಅವನ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಎಲ್ಲವೂ ಸರಿಯಿದೆಯೆಂದು ನಾನು ನಂಬಿಬಿಟ್ಟಿದ್ದೆ.

ಈಗ ವ್ಯವಸ್ಥೆ ಬದಲಾಗಿದೆ. ಪೆಟ್ಟಿಗೆಯನ್ನು ಅಡಿಗೆಮನೆಗೆ ಹತ್ತಿದ ಒಳಗೋಡೆಯ ಬದಿಗೆ ಸರಿಸಿ, ಮೂರು ಕಡೆಗೆ ಥರ್ಮಾಕೋಲಿನ ಹಲಗೆ ಹಚ್ಚಿದ್ದೇನೆ. ಮೇಲೆ ಗಾಜಿನ ಮುಚ್ಚಳವಿದೆ. ಹೀಟರಿನ ತಂತಿಯನ್ನು ಮನೆಯ ಇನ್ವರ್ಟರಿಗೆ ಜೋಡಿಸಿದ್ದಾಯಿತು. ಅದೂ ಕೈಕೊಟ್ಟರೆ ಎಂದು ಎರಡು ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ಒಂದೊಂದು ಲೀಟರ್ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಪೆಟ್ಟಿಗೆಯೊಳಗೆ ಇಳಿಬಿಟ್ಟರೆ ನೀರು ಮೆಲ್ಲಗೆ ಒಂದೂವರೆ ಡಿಗ್ರಿಯವರೆಗೆ ಏರುತ್ತದೆ. ಅವ್ವನಿಗೆ ಎರಡನೆಯ ಕೌದಿ, ಉಣ್ಣೆಯ ಕಾಲುಚೀಲ, ಕಲ್ಲುನೆಲದ ಮೇಲೆ ಕಂಬಳಿ. ಇರುವ ಮೀನುಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ ಕಾಯುತ್ತೇನೆ. ಹೊಸದನ್ನು ತರುವುದಿಲ್ಲವೆಂದು ಮೊಮ್ಮಗನಿಗೆ ಹೇಳಿದ್ದೇನೆ. ಅವನು ಮೊದಲು ಮುನಿದ, ಆಮೇಲೆ ಒಪ್ಪಿದ. ರಾತ್ರಿಯನ್ನು ಕಾಯಲಾರದವನು ಹಗಲಿನ ಚೆಲುವಿಗಾಗಿ ಒಂದು ಜೀವವನ್ನು ತರಬಾರದು. ನನ್ನ ವಯಸ್ಸಿಗೆ ಈ ನಿಯಮ ಸರಿ ಎನಿಸುತ್ತದೆ. ಬೇರೆಯವರಿಗೆ ಅವರವರ ಬಲ ನೋಡಿಕೊಂಡು.

ಮಲಗುವ ಮೊದಲು ಈಗ ಮಗ್ಗದ ಕೋಣೆಗೆ ಹೋಗುತ್ತೇನೆ. ಗಾಜಿನ ಮೇಲಿನ ಅಂಕಿ ನೋಡುತ್ತೇನೆ. ಆಮೇಲೆ ಕೌದಿಯ ಕೆಳಗೆ ಕೈ ತೂರಿಸಿ ಅವ್ವನ ಅಂಗಾಲು ಮುಟ್ಟುತ್ತೇನೆ. ಕೈಯನ್ನು ನಂಬಬಾರದೆಂದು ಕಲಿತವನೇ, ಆದರೂ ಮುಟ್ಟುತ್ತೇನೆ. ಒಮ್ಮೊಮ್ಮೆ ಆಕೆಗೆ ಎಚ್ಚರವಾಗುತ್ತದೆ.

"ಮೀನಾ ನೋಡಿದ್ಯಾ?"

"ನೋಡಿದೆ ಅವ್ವಾ."

"ಎಷ್ಟೈತಿ?"

"ಇಪ್ಪತ್ತೈದು."

"ಹಂಗಾದ್ರ ಹೋಗಿ ಮಲಗು," ಎನ್ನುತ್ತಾಳೆ.